ಬೀದರಿನ ಕೆಂಪು ಮಣ್ಣಲ್ಲಿ ಬಿಡುವಾದ ಒಂದು ದಿನ

ಬಗದಲಿನಿಂದ ಬಸ್ಸು ಹತ್ತಿ ಬರುವವರಿಗೆ ಬೀದರ್ ಎಂದರೆ ಗಾಂಧಿಗಂಜಿನ ಅಡತಿ ಅಂಗಡಿ, ದೊಡ್ಡಾಸ್ಪತ್ರೆ, ತಹಶೀಲ್ ಕಚೇರಿ, ಮಕ್ಕಳ ಕಾಲೇಜು. ಕೆಲಸ ಮುಗಿಸಿ ಕಡೇ ಬಸ್ಸು ಹಿಡಿಯುವ ಅವಸರದಲ್ಲಿ ಕೋಟೆಯ ಗೋಡೆ ಕಿಟಕಿಯಾಚೆ ಸರಿದು ಹೋಗುತ್ತದೆ. ಹೈದರಾಬಾದಿನಿಂದ ಬರುವವರದು ಬೇರೆ ಅವಸರ. ಸುಮಾರು 140 ಕಿಲೋಮೀಟರ್ ದಾರಿ, ಬೆಳಿಗ್ಗೆ ಹೊರಟರೆ ಹತ್ತು ಗಂಟೆಗೆ ಕೋಟೆ. ಬಾಗಿಲ ಮುಂದೊಂದು ಫೋಟೊ, ಮದರಸಾದ ಮುಂದೊಂದು ಫೋಟೊ, ಮಧ್ಯಾಹ್ನ ಬಿರಿಯಾನಿ, ಬೆಳಕಿರುವಾಗಲೇ ವಾಪಸ್. ಬೆಂಗಳೂರಿನವರಿಗೋ ಇದು ನಕಾಶೆಯ ತಲೆಯ ಮೇಲಿರುವ ಊರು; ಹೋಗಬೇಕು ಅನ್ನುತ್ತಲೇ ವರ್ಷಗಳು ಕಳೆಯುತ್ತವೆ.

ಈ ಮೂವರಿಗೂ ಬೀದರ್ ಅರ್ಧವೇ ಸಿಗುತ್ತದೆ. ಊರು ದೊಡ್ಡದಲ್ಲ, ನೋಡುವ ಜಾಗಗಳೆಲ್ಲ ಆಟೊ ಹತ್ತಿ ತಲುಪುವಷ್ಟು ಹತ್ತಿರ. ಆದರೂ ಇಲ್ಲಿನ ಕೋಟೆ, ಗುಡಿ, ಗುರುದ್ವಾರ, ಬಿದರಿ ಕಲೆ ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದು ಕಾಣಬೇಕಾದರೆ ಒಂದು ಇಡೀ ದಿನ, ಅದೂ ಬೇರೆ ಕೆಲಸವಿಲ್ಲದ ದಿನ, ಬೇಕೇ ಬೇಕು.

ಎಲ್ಲಕ್ಕೂ ಮೂಲ ಇಲ್ಲಿನ ನೆಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ದಿಬ್ಬದ ಮೇಲ್ಪದರ ಪೂರ್ತಿ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಕೆಳಗೆ ದಖ್ಖನಿನ ಕರಿಕಲ್ಲು. ತೂತುತೂತಾದ ಕೆಂಪುಕಲ್ಲು ಮಳೆನೀರನ್ನು ಜರಡಿಯಂತೆ ಕೆಳಕ್ಕೆ ಬಿಡುತ್ತದೆ. ಗಟ್ಟಿಯಾದ ಕೆಳಪದರ ಅದನ್ನು ತಡೆಯುತ್ತದೆ. ಮುಂದೆ ಇಳಿಯಲಾಗದ ನೀರು ಅಡ್ಡಡ್ಡ ಹರಿದು ದಿಬ್ಬದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಅಂಥ ಬುಗ್ಗೆಯಿದ್ದ ಕಡೆ ಒಂದು ದೇವರು, ಒಬ್ಬ ಗುರು, ಒಂದು ಕಥೆ ನೆಲೆನಿಂತಿವೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದದ್ದಕ್ಕೆ ಚರಿತ್ರೆಕಾರರು ಹಲವು ಕಾರಣ ಕೊಡುತ್ತಾರೆ. ಎತ್ತರದ ನೆಲ, ತಂಪು ಹವೆ, ಬತ್ತದ ನೀರು ಇವಿಷ್ಟೇ ಒಬ್ಬ ದೊರೆಯ ಮನಸ್ಸು ಗೆಲ್ಲಲು ಸಾಕು.

ದಿನವನ್ನು ನೀರಿನಿಂದಲೇ ಶುರು ಮಾಡಬೇಕು. ಅದಕ್ಕೆ ಝರಣಿ ನರಸಿಂಹನ ಗುಡಿಗಿಂತ ಒಳ್ಳೆಯ ಜಾಗವಿಲ್ಲ.

ಊರಿಗೆ ಅಂಟಿಕೊಂಡೇ ಇರುವ ಈ ಗುಡಿಯಲ್ಲಿ ದೇವರ ಮುಂದೆ ಕೈಮುಗಿಯಬೇಕಾದರೆ ನೀರಿಗೆ ಇಳಿಯಬೇಕು. ಬೆಟ್ಟ ಕೊರೆದು ಮಾಡಿದ ಸುರಂಗ ಸುಮಾರು 300 ಮೀಟರ್ ಉದ್ದವಿದೆ. ಒಳಗೆ ಸೊಂಟದಿಂದ ಎದೆಮಟ್ಟದವರೆಗೆ ನೀರು, ತಲೆಯ ಮೇಲೆ ಬಾವಲಿಗಳು. ಕಾಲಕೆಳಗೆ ಸಣ್ಣಗೆ ಹರಿಯುತ್ತಿರುವ ಬುಗ್ಗೆಯ ನೀರು ನಿಂತ ನೀರಿನ ಹಾಗೆ ಚಳಿ ಹಿಡಿಸುವುದಿಲ್ಲ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಡೆಯುತ್ತಾರೆ, ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಸಾಲಾಗಿ ಹೋಗುತ್ತಾರೆ. ಮುಂದಿನವರು ‘ಗೋವಿಂದಾ’ ಎಂದರೆ ಹಿಂದಿನವರೂ ‘ಗೋವಿಂದಾ’ ಎನ್ನುತ್ತಾರೆ. ಸುರಂಗದ ಕೊನೆಯ ಗೋಡೆಯಲ್ಲಿ ನರಸಿಂಹ, ಪಕ್ಕದಲ್ಲೇ ಶಿವಲಿಂಗ. ಇಬ್ಬರೂ ಒಟ್ಟಿಗೆ ಇರುವುದಕ್ಕೆ ಸ್ಥಳಪುರಾಣ ಕಾರಣ ಹೇಳುತ್ತದೆ. ಜಲಾಸುರ ಎಂಬ ರಾಕ್ಷಸ ಶಿವಭಕ್ತ. ಹಿರಣ್ಯಕಶಿಪುವನ್ನು ಕೊಂದ ನರಸಿಂಹ ಇಲ್ಲಿಗೆ ಬಂದು ಅವನನ್ನೂ ಕೊಂದ. ಸಾಯುವ ಮುನ್ನ ಜಲಾಸುರ ತನಗೊಂದು ವರ ಬೇಡಿದ: ನೀನು ಈ ಗವಿಯಲ್ಲೇ ನಿಲ್ಲಬೇಕು. ನರಸಿಂಹ ನಿಂತ, ಸತ್ತ ರಾಕ್ಷಸ ನೀರಾಗಿ ದೇವರ ಪಾದದ ಬಳಿ ಹರಿಯುತ್ತಿದ್ದಾನೆ.

ಸೋತವನನ್ನು ನೀರು ಮಾಡಿ ಉಳಿಸಿಕೊಂಡ ಈ ಕಥೆ ಎಷ್ಟು ಚೆಂದ! ದೇವರನ್ನು ಮುಟ್ಟುವ ಮುಂಚೆ ಭಕ್ತರೆಲ್ಲ ರಾಕ್ಷಸನ ಒಳಗೇ ಹಾದು ಹೋಗುತ್ತಾರೆ.

ಹೋಗುವವರಿಗೆ ಎರಡು ಮಾತು. ನೀರು ಹೆಚ್ಚಾದಾಗ, ಗಾಳಿ ಸಾಲದಾದಾಗ ಅಥವಾ ದುರಸ್ತಿಯ ವೇಳೆ ಸುರಂಗದೊಳಗೆ ಬಿಡುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು. ಒಂದು ಜೊತೆ ಒಣಬಟ್ಟೆ ಜೊತೆಗಿರಲಿ. ಉಸಿರಾಟದ ತೊಂದರೆ ಇರುವವರು, ಇಕ್ಕಟ್ಟು ಜಾಗ ಕಂಡರೆ ಗಾಬರಿಯಾಗುವವರು ಹೊರಗಿನ ಗುಡಿಯಲ್ಲೇ ಕೈಮುಗಿದರೂ ಪುಣ್ಯ ಕಡಿಮೆಯಾಗದು.

ಇಂಥದೇ ಬುಗ್ಗೆಯ ನೀರು ಪಾಪನಾಶದಲ್ಲೂ ಇದೆ. ಲಂಕೆಯಿಂದ ಮರಳುವಾಗ ರಾಮ ಸ್ಥಾಪಿಸಿದ ಲಿಂಗ ಎಂದು ನಂಬಿಕೆ. ಗುಡಿಯ ಕೆಳಗೆ ಕೊಳ, ಸುತ್ತ ತಗ್ಗು, ಗಿಡಮರ. ಶಿವರಾತ್ರಿ ಬಿಟ್ಟರೆ ಹೆಚ್ಚು ಗದ್ದಲವಿರುವುದಿಲ್ಲ.

ನೀರಿನಿಂದ ಎದ್ದು ಬಂದವರಿಗೆ ಹಸಿವು ಜೋರು. ಬೀದರಿನ ಬೆಳಗಿನ ನಾಷ್ಟಾದಲ್ಲಿ ಎರಡು ದಾರಿ. ಒಂದು, ತೊಯಿಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಪುಟಾಣಿ ಪುಡಿ ಉದುರಿಸಿದ ಸುಸಲಾ, ಜೊತೆಗೆ ಬಿಸಿ ಮಿರ್ಚಿ ಭಜಿ. ಇನ್ನೊಂದು, ಹಳೇ ಊರಿನ ಮುಸ್ಲಿಂ ಹೋಟೆಲುಗಳ ಖಿಚಡಿ, ಖೀಮಾ, ಹುಣಸೆಹುಳಿ ಎಳ್ಳಿನ ಖಟ್ಟಾ. ಎರಡರ ಕೊನೆಯಲ್ಲೂ ಚಹಾ ಇದ್ದೇ ಇರುತ್ತದೆ. 1948ರವರೆಗೆ ನಿಜಾಮರ ಸೀಮೆ, 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಇಂದಿನ ಕರ್ನಾಟಕಕ್ಕೆ ಸೇರಿದ ಜಿಲ್ಲೆ, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಚಹಾದ ಅಂಗಡಿಯ ಒಂದೇ ಬಾಕಿನ ಮೇಲೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಸರಾಗ ಓಡಾಡುತ್ತವೆ. ‘ಏನ್ ಮಾಡ್ಲತೀರಿ?’, ‘ಎಲ್ಲಿ ಹೋಗ್ಲತೀರಿ?’ ಎನ್ನುವ ಬೀದರಿನ ಕನ್ನಡಕ್ಕೆ ಕಿವಿ ಹೊಂದಿಸಿಕೊಳ್ಳಲು ಆ ಬಾಕೇ ತಕ್ಕ ಜಾಗ.

ಬಿಸಿಲು ಏರುವ ಮೊದಲು ಕೋಟೆ. ಬೇರೆ ಕಡೆ ಕೋಟೆ ಕಟ್ಟಲು ಕಲ್ಲು ಹೊತ್ತು ತರುತ್ತಾರೆ. ಇಲ್ಲಿ ನೆಲದಲ್ಲೇ ಕಂದಕ ಕಡಿದರು, ಕಡಿದ ಕಲ್ಲಿನಲ್ಲೇ ಗೋಡೆ ಎಬ್ಬಿಸಿದರು. ಊರ ಕಡೆಯಲ್ಲಿ ಕಂದಕ ಮೂರು ಸಾಲು. ನಡುವೆ ಎರಡು ಗೋಡೆಯಷ್ಟು ಬಂಡೆಯನ್ನು ಕಡಿಯದೆ ಹಾಗೇ ಬಿಟ್ಟಿದ್ದಾರೆ. ಮೊದಲ ಕಂದಕ ದಾಟಿದ ಶತ್ರು ಎದುರಿಗೆ ಇನ್ನೆರಡು ಕಾಣಬೇಕು! ಅಹ್ಮದ್ ಷಾನ ಕಾಲದಲ್ಲಿ, 1429ರಿಂದ 1432ರ ನಡುವೆ, ಈ ಕೋಟೆ ಈಗಿನ ಆಕಾರಕ್ಕೆ ಬಂತು. ಎರಡು ಹುಲಿಗಳ ಉಬ್ಬುಚಿತ್ರವಿರುವ ಶರ್ಜಾ ದರ್ವಾಜಾ 1503ರದು. ಅದನ್ನು ದಾಟಿ ಗುಂಬದ್ ದರ್ವಾಜಾ ಹಾಯ್ದರೆ ಒಳಗೆ ಒಂದು ಊರೇ ಹಿಡಿಸುವಷ್ಟು ಬಯಲು.

ಎಲ್ಲವನ್ನೂ ನೋಡುವ ಹಟ ಬೇಡ. ಮೂರು ಕಡೆ ನಿಂತರೆ ಸಾಕು. ಮೊದಲನೆಯದು ಸೋಲಾ ಖಂಬ್ ಮಸೀದಿ. ಇದರ ಶಾಸನದ ಕಾಲ 1423-24. ಒಳಗೆ ದಪ್ಪ ದುಂಡುಕಂಬಗಳ ಸಾಲು ಸಾಲು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ನೆರಳು ತಣ್ಣಗೆ. ಎರಡನೆಯದು ತಖ್ತ್ ಮಹಲ್. ಮಹಲು ಬಿದ್ದಿದೆ, ಆದರೆ ಕಮಾನಿನ ಮೂಲೆಯಲ್ಲಿ ಉಳಿದ ಬಣ್ಣದ ಹಂಚಿನ ತುಣುಕಿನಲ್ಲಿ ಹುಲಿ ಮತ್ತು ಹುಟ್ಟುವ ಸೂರ್ಯನ ಗುರುತು ಇನ್ನೂ ಇದೆ. ಹೊರಟುಹೋದ ಇರಾನಿ ಕುಶಲಿಗಳ ಕೈಚಳಕ ಅಷ್ಟು ಸಣ್ಣ ಚೂರಿನಲ್ಲೂ ತಿಳಿಯುತ್ತದೆ.

ಮೂರನೆಯದು ರಂಗೀನ್ ಮಹಲ್. ಸಾಮಾನ್ಯವಾಗಿ ಇದಕ್ಕೆ ಬೀಗ ಇರುತ್ತದೆ. ಹಳೇ ಶಾಹಿ ಹಮಾಮಿನಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯದವರನ್ನು ವಿನಯದಿಂದ ಕೇಳಿಕೊಳ್ಳಬೇಕು. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಪೈಕಿ ಅಲಿ ಬರೀದ್ (ಆಳ್ವಿಕೆ 1542ರಿಂದ 1580) ಇದನ್ನು ಮರಳಿ ಕಟ್ಟಿಸಿದ. ರಾಜ್ಯ ಚಿಕ್ಕದಾಗಿತ್ತು, ಬೊಕ್ಕಸ ತೆಳುವಾಗಿತ್ತು, ರಸಿಕತೆ ಮಾತ್ರ ಬತ್ತಿರಲಿಲ್ಲ. ಕಟ್ಟಿಗೆಯ ಕಂಬಗಳ ಕೆತ್ತನೆ ಪೂರ್ತಿ ನಮ್ಮ ದಕ್ಷಿಣದ ಗುಡಿಗಳ ಬಡಗಿಗಳದು. ಒಳಕೋಣೆಯ ಬಾಗಿಲಲ್ಲಿ ನುಣುಪಾದ ಕರಿಕಲ್ಲನ್ನು ಕೊರೆದು, ಕೊರೆದ ಗೆರೆಯಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿ ಬಳ್ಳಿಗಳನ್ನೂ ಪಾರಸಿ ಸಾಲುಗಳನ್ನೂ ಮೂಡಿಸಿದ್ದಾರೆ. ಕಪ್ಪಿನ ಮೇಲೆ ಮಿನುಗುವ ಬಿಳಿ. ಈ ಬಾಗಿಲ ಮುಂದೆ ಹತ್ತು ನಿಮಿಷ ಹೆಚ್ಚು ನಿಂತರೆ ನಷ್ಟವಿಲ್ಲ. ಏಕೆಂದರೆ ಬೀದರಿನ ಕಣ್ಣಿಗೆ ಯಾವುದು ಚೆಂದ ಎಂಬುದರ ಗುಟ್ಟು ಇಲ್ಲಿದೆ. ಇದೇ ಕಪ್ಪುಬಿಳುಪು ಮಧ್ಯಾಹ್ನ ಬಿದರಿ ಕೆಲಸದವರ ಅಂಗಡಿಯಲ್ಲಿ ಮತ್ತೆ ಎದುರಾಗುತ್ತದೆ.

ಮಧ್ಯಾಹ್ನದ ಊಟಕ್ಕೆ ಗುರುದ್ವಾರ ನಾನಕ್ ಝೀರಾ ಸಾಹಿಬ್. ಗುರುನಾನಕರು 16ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಗೆ ಬಂದಾಗ ಇಲ್ಲಿ ತಂಗಿದ್ದರೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಸುತ್ತಲಿನ ಬಾವಿಗಳ ನೀರು ಸವುಳು, ಜನ ಸಿಹಿನೀರಿಗಾಗಿ ಹಂಬಲಿಸುತ್ತಿದ್ದರು. ಗುರುಗಳು ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿದಾಗ ಬೆಟ್ಟದೊಳಗಿಂದ ಸಿಹಿನೀರು ಚಿಮ್ಮಿತು. ಆ ಧಾರೆ ಇಂದಿಗೂ ಹರಿದು ಅಮೃತಕುಂಡ ಸೇರುತ್ತದೆ. ಭಕ್ತರು ಬಾಟಲಿಗಳಲ್ಲಿ ತುಂಬಿಕೊಂಡು ಪಂಜಾಬಿನವರೆಗೂ ಒಯ್ಯುತ್ತಾರೆ. ಗುರುದ್ವಾರದ ಕಟ್ಟಡ 1948ರದು. ನಂಟು ಅದಕ್ಕಿಂತ ಬಹಳ ಹಳೆಯದು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದ ದಿನ, ತಲೆ ಕೊಡಲು ಸಿದ್ಧ ಎಂದು ಎದ್ದುನಿಂತ ಐವರು ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಕುಲದವರು. ಸಾವಿರ ಮೈಲಿ ದೂರದ ಆ ಸಭೆಯಲ್ಲಿ ಕನ್ನಡ ನಾಡಿನ ಒಬ್ಬ ಕ್ಷೌರಿಕ ಇದ್ದ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕು.

ತಲೆಗೆ ಬಟ್ಟೆ ಕಟ್ಟಿ, ಕಾಲು ತೊಳೆದು ಲಂಗರಿನ ಹಾಲಿಗೆ ಹೋದರೆ ಚಾಪೆಯ ಸಾಲು. ಊರಿನ ಹಮಾಲಿ, ಹೈದರಾಬಾದಿನ ಎಂಜಿನಿಯರ್, ನಾಂದೇಡಿನ ಯಾತ್ರೆ ಮುಗಿಸಿ ಬಂದ ಪಂಜಾಬಿನ ಅಜ್ಜಿ ಎಲ್ಲರೂ ಒಂದೇ ಪಂಕ್ತಿ. ರೊಟ್ಟಿಯನ್ನು ಬೊಗಸೆಯೊಡ್ಡಿ ಪ್ರಸಾದವೆಂದು ಪಡೆಯಬೇಕು. ದಾಲ್, ಪಲ್ಯ, ಅನ್ನ, ಹಬ್ಬದ ದಿನವಾದರೆ ಖೀರು. ಉಂಡಾದ ಮೇಲೆ ತಟ್ಟೆ ತೊಳೆಯಲು, ರೊಟ್ಟಿ ಲಟ್ಟಿಸಲು ಕೈ ಜೋಡಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಬಿಡುವಿನ ದಿನಕ್ಕೆ ಅರ್ಧ ಗಂಟೆಯ ಸೇವೆ ಭಾರವಲ್ಲ.

ಜೋಳದ ರೊಟ್ಟಿಯೇ ಬೇಕೆನ್ನುವವರಿಗೆ ಬಸ್ ನಿಲ್ದಾಣದ ಸುತ್ತಲಿನ ಖಾನಾವಳಿಗಳಿವೆ. ಬೀದರಿನ ತಟ್ಟೆಯಲ್ಲಿ ನೆಲದ ಇನ್ನೊಂದು ಮುಖ ಕಾಣುತ್ತದೆ. ಕೆಂಪು ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಮಾಂಜ್ರಾ ಸೀಮೆಯ ಕಪ್ಪುನೆಲ. ಜೋಳ, ತೊಗರಿ, ಉದ್ದು, ಹೆಸರು, ಕಡಲೆ ಎಲ್ಲ ಅಲ್ಲಿಂದಲೇ ಬರಬೇಕು. ಬಿಸಿರೊಟ್ಟಿಯ ಜೊತೆ ತೊಗರಿ ಬ್ಯಾಳಿ ಹಾಕಿ ಬೇಯಿಸಿದ ಪುಂಡಿಪಲ್ಯ, ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಕಚ್ಚಿಕೊಳ್ಳಲು ಉಳ್ಳಾಗಡ್ಡಿ. ಪುಂಡಿಯ ಹುಳಿಗೆ ಹಿಂಡಿಯ ಖಾರ ಕೂಡಿದಾಗ ಮಾತು ನಿಂತುಹೋಗುತ್ತದೆ. ಎಳ್ಳಮಾವಾಸ್ಯೆಗೆ ಬಂದವರಂತೂ ಭಾಗ್ಯವಂತರು. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಅಂಬಲಿ, ಕಾಳು ಕಾಯಿಪಲ್ಯಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ. ಹೊಲದ ಬದುವಿನಲ್ಲಿ ಹೋಗುತ್ತಿರುವ ಅಪರಿಚಿತರನ್ನೂ ‘ಬರ್ರಿ, ಕೂಡ್ರಿ, ಉಣ್ರಿ’ ಎಂದು ಕರೆಯುತ್ತಾರೆ. ಯಾವ ಹೋಟೆಲಿನಲ್ಲೂ ಆ ಭಜ್ಜಿ ಸಿಗುವುದಿಲ್ಲ.

ಗುಡಿ, ಗುರುದ್ವಾರಗಳಲ್ಲಿ ನೀರು ತಾನಾಗಿ ಬಂದದ್ದು. ನೌಬಾದಿನಲ್ಲಿ ಮನುಷ್ಯರು ಅದನ್ನು ಬೆನ್ನಟ್ಟಿ ಹೋಗಿ ತಂದಿದ್ದಾರೆ. ಅದರ ಹೆಸರು ಕರೇಜ್, ಊರವರ ಬಾಯಲ್ಲಿ ಸುರಂಗ ಬಾವಿ. ಇರಾನಿನಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವ ವಿದ್ಯೆ ಇದು. ನೀರಿನ ಸೆಲೆ ಇರುವ ಕಡೆ ಒಂದು ತಾಯಿಬಾವಿ. ಅಲ್ಲಿಂದ ಕೆಂಪುಕಲ್ಲನ್ನು ಕೊರೆದು, ತೀರ ಸಣ್ಣ ಇಳಿಜಾರಿನಲ್ಲಿ ನೀರು ತಾನೇ ಹರಿಯುವ ಹಾಗೆ ಸುರಂಗ. ಮಣ್ಣು ಎತ್ತಲು, ಗಾಳಿ ಆಡಲು ನಡುನಡುವೆ ಬಾವಿಯಂಥ ಬಾಯಿಗಳು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ, ಇಪ್ಪತ್ತಕ್ಕೂ ಹೆಚ್ಚು ಬಾಯಿಗಳಿವೆ. ಪಂಪು ಇಲ್ಲ, ಎತ್ತು ಇಲ್ಲ. ಬಿಸಿಲಿಗೆ ಆರದೆ ನೀರು ಊರು ಸೇರುತ್ತಿತ್ತು. ಆಮೇಲೆ ಶತಮಾನಗಳ ಹೂಳು, ಕಸ, ಮರೆವು. 2014ರಲ್ಲಿ ವಿಶ್ವ ಸ್ಮಾರಕ ನಿಧಿ ಬೀದರ್ ನಗರವನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಅದೇ ಹೊತ್ತಿಗೆ ಕರೇಜಿನ ಹೂಳೆತ್ತುವ ಕೆಲಸವೂ ನಡೆದು ನೀರು ಮತ್ತೆ ಕಂಡಿತು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಾಡಿನಲ್ಲಿ ಇದನ್ನು ಮತ್ತೆ ಹೂಳಲು ಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿರದು. ಬಾಯಿಗಳ ಮೇಲೆ ಮನೆ ಕಟ್ಟದಂತೆ, ಕಸ ಸುರಿಯದಂತೆ ನೋಡಿಕೊಳ್ಳುವುದು ನಗರಾಡಳಿತದಷ್ಟೇ ಊರವರ ಕೆಲಸವೂ ಹೌದು.

ಉರಿಬಿಸಿಲಿನ ಹೊತ್ತನ್ನು ಬಿದರಿ ಕೆಲಸದವರ ನೆರಳಿನಲ್ಲಿ ಕಳೆಯಬೇಕು. ಇಡೀ ದಿನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗವೂ ಇದೇ. ಚೌಬಾರಾದ ಸುತ್ತಲಿನ ಹಳೇ ಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಕಾರ್ಖಾನೆ. ಕಾರ್ಖಾನೆಯೆಂದರೆ ಒಂದು ಕೋಣೆ, ನಾಲ್ಕಾರು ಮಂದಿ, ನೆಲದ ಮೇಲೆ ಕೂತ ಕೆಲಸ.

ಹಂತ ಹಂತವಾಗಿ ನೋಡಿದರೇ ರುಚಿ. ಮೊದಲಿಗೆ ಎರಕ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಹರಳೆಣ್ಣೆ, ರಾಳ ಕಲಸಿ ಹದಮಾಡಿದ ಮಣ್ಣಿನ ಅಚ್ಚಿಗೆ ಕರಗಿದ ಲೋಹ ಸುರಿಯುತ್ತಾರೆ. ಹೊರಬಂದ ಹೂಜಿ, ತಟ್ಟೆ, ಡಬ್ಬಿ ತವರದ ಬಣ್ಣದ ಒರಟು ವಸ್ತು, ಕೈಗೆತ್ತಿಕೊಳ್ಳಬೇಕು ಅನ್ನಿಸುವಂಥದಲ್ಲ. ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯ ಕಡ್ಡಿಯಿಂದ ನಕ್ಷೆ ಬರೆಯುತ್ತಾರೆ. ಅಚ್ಚು ಇಲ್ಲ, ಕಾಗದ ಇಲ್ಲ, ಗೆರೆ ನೇರವಾಗಿ ಕೈಯಿಂದಲೇ. ಬರೆದ ಗೆರೆಯನ್ನು ಸಣ್ಣ ಉಳಿಯಿಂದ ಕಡಿದು ಕಾಲುವೆ ತೆಗೆಯುತ್ತಾರೆ. ಆ ಕಾಲುವೆಗೆ ಬೆಳ್ಳಿ. ತಂತಿಯಾಗಿ ಕೂಡಿಸಿದರೆ ತಾರ್‌ಕಶಿ, ತಗಡಾಗಿ ಕೂಡಿಸಿದರೆ ತೆಹ್‌ನಿಶಾನ್. ಸುತ್ತಿಗೆಯ ಏಟು ಎಷ್ಟು ಮೆತ್ತಗೆ ಬೀಳುತ್ತದೆಂದರೆ ಕೇಳಲು ಕಿವಿಗೊಡಬೇಕು. ಮತ್ತೆ ಉಜ್ಜಿದರೆ ಮೊದಲು ಸವರಿದ ಕಪ್ಪು ಹೋಗಿ ಸತುವಿನ ಬಿಳುಪೂ ಬೆಳ್ಳಿಯ ಬಿಳುಪೂ ಒಂದಾಗಿಬಿಡುತ್ತವೆ. ಇಷ್ಟು ಹೊತ್ತು ಕೂತು ಮಾಡಿದ ನಕ್ಷೆ ಮಾಯ.

ಆಗ ಬರುತ್ತದೆ ಮಣ್ಣು. ಅದೂ ಎಲ್ಲಿಯದೋ ಅಲ್ಲ. ಬೀದರ್ ಕೋಟೆಯ ಹಳೇ ಭಾಗಗಳಲ್ಲಿ ಬಿಸಿಲು, ಮಳೆ ತಾಕದೆ ಉಳಿದ ಜಾಗದ ಮಣ್ಣೇ ಆಗಬೇಕು. ಒಳ್ಳೆಯ ಮಣ್ಣು ಯಾವುದೆಂದು ಹಿರಿಯ ಕೆಲಸಗಾರರು ನಾಲಿಗೆಯ ಮೇಲಿಟ್ಟು ಹೇಳುತ್ತಾರೆ. ಅದನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ, ಬೆಚ್ಚಗೆ ಕಾಯಿಸಿದ ವಸ್ತುವಿಗೆ ಹಚ್ಚಿ ಉಜ್ಜಿದರೆ ಸತುವಿನ ಮೈ ಪೂರ್ತಿ ಕಪ್ಪಾಗುತ್ತದೆ. ಎರಕಕ್ಕೆ ಸೇರಿಸಿದ ಆ ಒಂದು ಪಾಲು ತಾಮ್ರದ ಕೆಲಸ ಈಗ ತಿಳಿಯುತ್ತದೆ. ಅದಿಲ್ಲದೆ ಈ ಗಾಢ ಕಪ್ಪು ಹಿಡಿಯದು. ಬೆಳ್ಳಿಗೆ ಮಾತ್ರ ಮಣ್ಣು ಏನೂ ಮಾಡುವುದಿಲ್ಲ. ಕೊನೆಗೆ ಎಣ್ಣೆ ಹಚ್ಚಿ ಒರೆಸಿದಾಗ ಮಾಯವಾಗಿದ್ದ ಬಳ್ಳಿ, ಹೂವು, ಅಶರ್ಫಿ ಬೂಟಿ ಎಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ಮೊದಲ ಬಾರಿ ನೋಡುವವರು ಬಾಯಿಬಿಟ್ಟು ‘ಅಬ್ಬಾ’ ಎನ್ನುವುದು ಇದೇ ಘಳಿಗೆಗೆ.

ಇರಾನಿನಿಂದ ಬಂದ ಕುಶಲಿಗಳು ಬಹಮನಿಗಳ ಕಾಲದಲ್ಲಿ ತಂದ ವಿದ್ಯೆ ಎಂದು ಪರಂಪರೆಯ ಮಾತು. ಬಂದದ್ದು ಎಲ್ಲಿಂದಲೇ ಇರಲಿ, ನೆಲೆಸಿದ್ದು ಈ ಮಣ್ಣಿನಲ್ಲಿ. ಹುಕ್ಕಾದ ಬುಡ, ಪಾನ್‌ದಾನ, ಸುರಾಹಿ, ಹೂದಾನಿ ಮಾಡುತ್ತ ನವಾಬರ ಮನೆಗಳನ್ನು ತುಂಬಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳಲ್ಲಿ ಹಳೇ ಬಿದರಿಯನ್ನು ಇಂದೂ ಕಾಣಬಹುದು. 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಸಂತೋಷದ ಸುದ್ದಿಗಳೇ. ಆದರೆ ಬೆಳ್ಳಿಯ ಬೆಲೆ ಏರುತ್ತಿದೆ, ಕಣ್ಣು ಮತ್ತು ಬೆನ್ನು ಸವೆಸುವ ಈ ಕೆಲಸಕ್ಕೆ ಹೊಸ ಹುಡುಗರು ಬರಬೇಕಾದರೆ ಕೂಲಿ ಮನೆ ನಡೆಸುವಷ್ಟಾದರೂ ಇರಬೇಕು. ಬಂದವರು ದೊಡ್ಡ ಹೂದಾನಿ ಕೊಳ್ಳಬೇಕೆಂದಿಲ್ಲ. ಒಂದು ಕಿವಿಯೋಲೆ, ಒಂದು ಸಣ್ಣ ಡಬ್ಬಿಯಾದರೂ ಮಾಡಿದವರ ಕೈಯಿಂದಲೇ ಕೊಂಡರೆ ಹಣ ನೇರ ಅಲ್ಲಿಗೇ ಸೇರುತ್ತದೆ. ಚೌಕಾಶಿ ಮಾಡುವ ಮೊದಲು ಉಳಿ ಹಿಡಿದ ಕೈಯನ್ನು ಹತ್ತು ನಿಮಿಷ ನೋಡಿದವರು ಆಮೇಲೆ ಚೌಕಾಶಿಗೆ ಇಳಿಯುವುದು ಕಡಿಮೆ.

ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಮಹಮೂದ್ ಗಾವಾನನ ಮದರಸಾ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಮೂರು ಅಂತಸ್ತು, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆ, ಮೂರು ಸಾವಿರ ಹಸ್ತಪ್ರತಿಗಳಿದ್ದ ಗ್ರಂಥಾಲಯ. 17ನೇ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಅದರ ಮೈಮೇಲಿನ ನೀಲಿ, ಹಸಿರು, ಹಳದಿ ಹಂಚುಗಳು ಇಳಿಬಿಸಿಲಿಗೆ ಹೊಳೆಯುವಾಗ ಪೂರ್ತಿ ಕಟ್ಟಡ ಹೇಗಿದ್ದಿರಬಹುದೆಂದು ಅಂದಾಜಾಗುತ್ತದೆ. ಗಾವಾನನ ಕಾಲದಲ್ಲೇ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆ ಮಾರಲು ಬೀದರಿಗೆ ಬಂದಿದ್ದ. ಇಲ್ಲಿನ ಶ್ರೀಮಂತರ ಆಡಂಬರ, ಹಳ್ಳಿಗರ ಬಡತನ ಎರಡನ್ನೂ ಬರೆದಿಟ್ಟಿದ್ದಾನೆ. ಕುದುರೆಗಳಿಗೆ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಖಿಚಡಿ ತಿನ್ನಿಸುತ್ತಾರೆಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಇನ್ನು ಗಾವಾನನ ಕಥೆಯ ಕೊನೆ ನೋವಿನದು. ವೈರಿಗಳು ಹೆಣೆದ ಸುಳ್ಳುಪತ್ರ ನಂಬಿದ ಸುಲ್ತಾನ 1481ರಲ್ಲಿ ಮುದುಕ ಪ್ರಧಾನಿಯ ತಲೆ ತೆಗೆಸಿದ. ಆಮೇಲೆ ಪಶ್ಚಾತ್ತಾಪ ಪಟ್ಟರೂ ರಾಜ್ಯ ಮತ್ತೆ ಏಳಲಿಲ್ಲ, ಹೋಳುಹೋಳಾಗಿ ಐದು ಸಲ್ತನತ್ತುಗಳಾಯಿತು.

ಬೆಳಕು ಇರುವಾಗಲೇ ಅಷ್ಟೂರಿಗೆ ಹೋಗಬೇಕು, ಕತ್ತಲಾದರೆ ಅಲ್ಲಿನ ಚಿತ್ರ ಕಾಣುವುದಿಲ್ಲ. ದಾರಿಯಲ್ಲಿ ಚೌಖಂಡಿ, ಸುಲ್ತಾನರ ಗುರುಮನೆತನದ ಹಜರತ್ ಖಲೀಲುಲ್ಲಾರ ಸಮಾಧಿ. ಎಂಟು ಮೂಲೆಯ ಎರಡಂತಸ್ತಿನ ಗೋಡೆ, ಮೇಲೆ ಸೂರಿಲ್ಲ. ಬಾಗಿಲ ಮೇಲೆ ಶಿರಾಜಿನ ಲಿಪಿಕಾರ ಕರಿಕಲ್ಲಿನಲ್ಲಿ ಕೆತ್ತಿದ ಅಕ್ಷರಗಳು ಬಳ್ಳಿಯ ಹಾಗೆ ಒಂದರೊಳಗೊಂದು ಹೆಣೆದುಕೊಂಡಿವೆ.

ಅಷ್ಟೂರಿನ ಬಯಲಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲು. ‘ಜಾಲಿಂ’ ಎಂದು ಹೆಸರಾದ ಹುಮಾಯೂನ್ ಷಾನ ಗುಮ್ಮಟ ಸಿಡಿಲಿಗೆ ಸೀಳಿ, ಅರ್ಧ ಮಾತ್ರ ನಿಂತಿದೆ. ಅವನ ಕ್ರೌರ್ಯಕ್ಕೆ ಸಿಕ್ಕ ಶಿಕ್ಷೆ ಎಂದು ಜನ ಹೇಳುತ್ತಾರೆ. ಕಟ್ಟಡ ಕಲಿಯುವವರಿಗೆ ಗುಮ್ಮಟದ ಒಳಪದರ ಹೇಗಿರುತ್ತದೆಂದು ತೋರಿಸುವ ಪಾಠವೂ ಹೌದು. ನೋಡಲೇಬೇಕಾದದ್ದು ಅಹ್ಮದ್ ಷಾನ ಗೋರಿ. 1436ರಲ್ಲಿ ತೀರಿಕೊಂಡ ಈ ಸುಲ್ತಾನನನ್ನು ಜನ ‘ವಲಿ’ ಎಂದು, ಸಂತನೆಂದು ಕರೆದರು. ಹೊರಗೆ ಸಾದಾ ಗೋಡೆ. ಒಳಗೆ ಗೋಡೆ, ಕಮಾನು, ಗುಮ್ಮಟದ ನೆತ್ತಿಯವರೆಗೆ ಕೆಂಪು, ನೀಲಿ, ಬಂಗಾರದ ಬಣ್ಣದ ಹೂಬಳ್ಳಿ, ಅಕ್ಷರ. ಆರುನೂರು ವರ್ಷ ಹತ್ತಿರವಾದರೂ ಬಣ್ಣ ಮಂಕಾಗಿಲ್ಲ. ಕಾಯುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿ ತೋರಿಸುವುದೂ ಉಂಟು.

ಈ ಗೋರಿಯ ಜಾತ್ರೆ ಬಣ್ಣಗಳಿಗಿಂತ ದೊಡ್ಡ ಸಂಗತಿ. ಸುತ್ತಲಿನ ಲಿಂಗಾಯತರಿಗೆ ಅಹ್ಮದ್ ಷಾ ಅಲ್ಲಮಪ್ರಭುವಿನ ಅವತಾರ. ಪ್ರತಿವರ್ಷ ಹೋಳಿಯ ಆಸುಪಾಸಿನಲ್ಲಿ, ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ತಮ್ಮವರೊಡನೆ ನಡೆದು ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ, ಗೋರಿಗೆ ಹೂವು ಏರಿಸುತ್ತಾರೆ. ಫಾತೆಹಾ ಓದುವವರೂ ಅದೇ ಹೊಸ್ತಿಲು ದಾಟುತ್ತಾರೆ. ಇದನ್ನು ಯಾವ ಸರ್ಕಾರವೂ ಏರ್ಪಡಿಸಿದ್ದಲ್ಲ, ಯಾವ ಸಂಘವೂ ಹೇಳಿಕೊಟ್ಟದ್ದಲ್ಲ. ಜನ ತಾವೇ ನಡೆಸಿಕೊಂಡು ಬಂದದ್ದು. ಬೀದರಿಗೆ ಒಂದೇ ಸಲ ಬರಲು ಸಾಧ್ಯವೆನ್ನುವವರು ಈ ಜಾತ್ರೆಯ ದಿನವನ್ನೇ ಆರಿಸಿಕೊಳ್ಳಲಿ.

ಸಂಜೆ ಮತ್ತೆ ಚೌಬಾರಾ. ನಾಲ್ಕು ಬೀದಿ ಕೂಡುವಲ್ಲಿ 71 ಅಡಿ ಎತ್ತರದ ದುಂಡು ಗೋಪುರ. ಕಾವಲಿಗೆ ಕಟ್ಟಿದ್ದು, ಈಗ ಊರಿಗೆ ಗಡಿಯಾರ ತೋರಿಸುತ್ತದೆ. ಕೆಂಡದ ಮೇಲಿನ ಕಬಾಬಿನ ಹೊಗೆ, ಬಿರಿಯಾನಿಯ ಹಂಡೆಯ ಮುಚ್ಚಳ ತೆಗೆದಾಗಿನ ಪರಿಮಳ, ತಟ್ಟೆಯಲ್ಲಿ ಡಬಲ್ ಕಾ ಮೀಠಾ, ಒಣ ಜರದಾಳು ಬೇಯಿಸಿ ಮಾಡಿದ ಖುಬಾನಿ ಕಾ ಮೀಠಾ. ಮಾಂಸ ಒಲ್ಲದವರಿಗೆ ಭಜಿ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕೀಟು. ರಂಗಮಂದಿರದಲ್ಲಿ ನಾಟಕವೋ ವಚನಗಾಯನವೋ ಇದ್ದರೆ ದಿನ ಇನ್ನಷ್ಟು ಉದ್ದವಾಗಲಿ.

ಆ ರಂಗಮಂದಿರಕ್ಕೆ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿದೆ. ಕಮಲನಗರದಲ್ಲಿ ಹುಟ್ಟಿ, ಶತಾಯುಷಿಯಾಗಿ 1999ರಲ್ಲಿ ಲಿಂಗೈಕ್ಯರಾದವರು. ನಿಜಾಮರ ಆಡಳಿತದಲ್ಲಿ ಕನ್ನಡ ಶಾಲೆಗೆ ಅವಕಾಶವಿಲ್ಲದಾಗ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಗಡಿಯಲ್ಲಿ ಇಂದು ಕನ್ನಡ ಓದುವ ಎಷ್ಟೋ ಮನೆಗಳ ಮೊದಲ ಅಕ್ಷರ ಅವರ ಶಾಲೆಗಳದು.

ಮರುದಿನವೂ ಬಿಡುವಿದ್ದರೆ ಭಾಲ್ಕಿಯ ದಾರಿ ಹಿಡಿಯಬಹುದು. ಸುಮಾರು 40 ಕಿಲೋಮೀಟರ್. ನಡುವೆ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ. ಭಾನುವಾರ ಹೋದರೆ ‘ಏಳ್ಕೋಟಿ ಏಳ್ಕೋಟಿ’ ಎಂಬ ಘೋಷದ ನಡುವೆ ಭಂಡಾರದ ಅರಿಸಿನಕ್ಕೆ ಮೈ ಬಟ್ಟೆಯೆಲ್ಲ ಹಳದಿಯಾಗುತ್ತದೆ. ಮಹಾರಾಷ್ಟ್ರ, ತೆಲಂಗಾಣದಿಂದ ಬರುವ ಒಕ್ಕಲು ಬಹಳ. ಭಾಲ್ಕಿಯಲ್ಲಿ ಹಿರೇಮಠ, ಹಳೇ ಕೋಟೆ. ಇನ್ನೊಂದು ದಿಕ್ಕಿಗೆ ಔರಾದ್, ಅಲ್ಲಿ ಅಮರೇಶ್ವರ. ಚಳಿ ಇಳಿಯುವ ಹೊತ್ತಿಗೆ ಬರುವ ಅಮರೇಶ್ವರನ ಜಾತ್ರೆಗೆ ದನಗಳ ಜಾತ್ರೆಯೂ ಕೂಡುತ್ತದೆ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯ ದೇವಣಿ ತಳಿ ಈ ಸೀಮೆಯ ಹೆಮ್ಮೆ. ಹಾಲಿಗೂ ಸೈ, ನೇಗಿಲಿಗೂ ಸೈ. ಮಚ್ಚೆಯ ಹರಡಿಕೆ ನೋಡಿ ವಾನೆರಾ, ಬಾಲಂಕ್ಯಾ, ಶೇವೆರಾ ಎಂದು ಮೂರು ಬಗೆ ಗುರುತಿಸುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವವರು ಕಡಿಮೆಯಾಗಿದ್ದಾರೆ, ಆದರೂ ಒಳ್ಳೆಯ ಜೋಡಿ ಕಂಡರೆ ಹಲ್ಲು ನೋಡಿ, ಬೆನ್ನು ತಟ್ಟಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ರೈತರು ಈಗಲೂ ಬರುತ್ತಾರೆ. ಬೀದರಿನಿಂದ ಔರಾದಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಬೆಳಗಿನ ಬಸ್ಸು ಹಿಡಿದರೆ ದನಗಳು ಬಿಸಿಲಿಗೆ ಬಳಲುವ ಮೊದಲೇ ಜಾತ್ರೆಯ ಬಯಲು ಸೇರಬಹುದು.